ಮಗ್ಗುಲಿನವರು

ಪರದೆ ಹೊಲಿಯುವವಳಿಗೆ ಬೆಳಗ್ಗೆ ಎದ್ದ ಕೂಡಲೇ ಯಾರೊಂದಿಗೂ ಮಾತಾಡಲು ಆಗುತ್ತಿರಲಿಲ್ಲ. ರಾತ್ರಿಯ ಕನಸು ಇನ್ನೂ ಹೊದ್ದ ಹಾಗೇ ಇರುತ್ತಿತ್ತು; ಬಾಯಿ ತೆರೆದರೆ ಎಲ್ಲಿ ಜಾರಿ ಬೀಳುತ್ತದೋ ಎಂಬ ಹೆದರಿಕೆ. ಹಾಸಿಗೆಯ ಅಂಚಿನಲ್ಲೇ ಕೂತು, ಒಂದು ಕಣ್ಣು ಮುಚ್ಚಿ ಒಂದು ಕಣ್ಣು ತೆರೆದು, ಕಂಡದ್ದನ್ನು ಕಂಡ ಹಾಗೆ ಮೊಬೈಲಿನಲ್ಲಿ ಬರೆದು 'ಮಗ್ಗುಲು' ಬಳಗಕ್ಕೆ ಕಳಿಸುತ್ತಿದ್ದಳು. ಮುಖ ತೊಳೆಯುವುದೆಲ್ಲ ಆಮೇಲೆ.

"ಇದ್ಯಾವ ಪೂಜೆಯಮ್ಮ ನಿಂದು?" ಎಂದು ಅತ್ತೆ ಅಡುಗೆಮನೆಯಿಂದಲೇ ಕೇಳುತ್ತಿದ್ದರು. "ನಮ್ಮ ಕಾಲದಲ್ಲಿ ಕನಸು ಬಿದ್ರೆ ಮಗ್ಗುಲು ಬದಲಾಯಿಸಿ ಮಲಗ್ತಿದ್ವಿ. ಈಗ ಊರಿಗೆಲ್ಲ ಹಂಚ್ತಾರೆ."

ಊರಿಗೆಲ್ಲ ಹಂಚುವುದೇನೂ ಆಗಿರಲಿಲ್ಲ. ಮಗ್ಗುಲು ಎಂಬುದು ಎಲ್ಲೆಲ್ಲೋ ಇರುವ, ಒಬ್ಬರ ಮುಖ ಒಬ್ಬರು ನೋಡದ ಜನ ಸೇರಿ ಮಾಡಿಕೊಂಡಿದ್ದ ಆನ್‌ಲೈನ್ ಬಳಗ. ಬೆಳಗ್ಗೆ ಎದ್ದು ಹಿಂದಿನ ರಾತ್ರಿಯ ಕನಸನ್ನು ಅಲ್ಲಿ ಬರೆಯಬೇಕು. ಯಾರೂ ಅದಕ್ಕೆ ಅರ್ಥ ಹೇಳಬಾರದು, ಯಾರೂ ಅದನ್ನು ಹೊರಗೆ ಒಯ್ಯಬಾರದು. ಒಡೆಯರು ಅಂತ ಯಾರೂ ಇರಲಿಲ್ಲ, ಸದಸ್ಯರೇ ಸರದಿಯ ಮೇಲೆ ಬಳಗವನ್ನು ನೋಡಿಕೊಳ್ಳುತ್ತಿದ್ದರು. ಆ ವರ್ಷದ ಸರದಿ ಇವಳದು ಮತ್ತು ಒಬ್ಬ ಔಷಧಿ ಅಂಗಡಿಯವನದು. ಬಳಗದಲ್ಲಿ ಎಲ್ಲರಿಗೂ ಅಡ್ಡಹೆಸರೇ: ಇವಳು 'ಪರದೆ', ಅವನು 'ಗುಳಿಗೆ ಅಣ್ಣ'.

ಅವಳಿಗೆ ಆ ಬೆಳಗುಗಳು ಬಲು ಇಷ್ಟವಾಗಿದ್ದವು. ಒಬ್ಬರ ಕನಸಿನಲ್ಲಿ ಲಿಫ್ಟಿನ ಬಾಗಿಲು ತೆರೆದರೆ ಎದುರಿಗೆ ಒದ್ದೆ ಕೊಡೆಗಳ ಬಯಲು. ಇನ್ನೊಬ್ಬರ ಹಲ್ಲುಗಳು ಒಂದೊಂದಾಗಿ ಗುಂಡಿಗಳಾಗಿ, ಅವರು ಅವನ್ನು ಅಂಗಿಗೆ ಹಾಕಿಕೊಂಡು ಮದುವೆಗೆ ಹೊರಟಿದ್ದಾರೆ. ಇವುಗಳ ನಡುವೆ ಚಿತ್ರವೇ ಇಲ್ಲದ ಕನಸು ಬರೆಯುವವರು ಒಬ್ಬರಿದ್ದರು. ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್, ಹುಟ್ಟಿನಿಂದ ಕಣ್ಣು ಕಾಣದವರು. ಎಲ್ಲರಿಗೂ ಅವರು 'ಹಲೋ ಅಕ್ಕ'.

"ಒಂದು ಓಣಿಯಲ್ಲಿದ್ದೆ," ಎಂದು ಅವರು ಒಮ್ಮೆ ಬರೆದಿದ್ದರು. "ಎರಡೂ ಕಡೆಯ ಗೋಡೆ ಎಷ್ಟು ಹತ್ತಿರವೆಂದರೆ ನನ್ನ ಉಸಿರು ತಿರುಗಿ ನನಗೇ ತಾಗುತ್ತಿತ್ತು. ಎಡಗಡೆ ಬೆಚ್ಚಗೆ, ಬಲಗಡೆ ತಣ್ಣಗೆ. ಯಾರೋ ನನ್ನ ಹೆಸರಿನ ಅರ್ಧ ಮಾತ್ರ ಕರೆದರು. ಉಳಿದರ್ಧಕ್ಕೆ ಕಾಯುತ್ತಾ ಎಚ್ಚರವಾಯಿತು."

ಅದರ ಕೆಳಗೆ ಯಾರೋ, "ಇದು ಕನಸೋ, ಕರೆಂಟು ಹೋದಾಗಿನ ಕಥೆಯೋ?" ಎಂದು ಬರೆದರು. ಕೆಲವರು ನಕ್ಕರು. ಅಕ್ಕ, "ನಿಮ್ಮನೇಲಿ ಕರೆಂಟು ಹೋದಾಗಲಾದರೂ ನನ್ನ ನೆನೆಸಿಕೊಳ್ಳಿ," ಎಂದು ಉತ್ತರಿಸಿದರು. ನಗು ಇನ್ನಷ್ಟು ಹೆಚ್ಚಿತು. ಅದು ನಗುವ ಮಾತಲ್ಲ ಎಂದು ಯಾರೂ ಹೇಳಲಿಲ್ಲ.

ಬಳಗ ಕೆಟ್ಟದ್ದು ಡ್ರೈವರಣ್ಣನ ಕನಸಿನಿಂದ. ಅವನು ಬಸ್ಸು ಓಡಿಸುವವನು, ಹೆಂಡತಿಯನ್ನು ಕಳೆದುಕೊಂಡವನು, ದಪ್ಪ ಮೀಸೆಯವನಂತೆ. ಒಂದು ಬೆಳಗ್ಗೆ ಅವನು ಬರೆದ: ಕನಸಿನಲ್ಲಿ ತಾನು ಯೂನಿಫಾರಂ ಹಾಕಿಕೊಂಡಿದ್ದರೂ ಕೂಸಿನಷ್ಟು ಚಿಕ್ಕವನು. ಹೆಂಡತಿ ತನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಡಿಪೋದ ತುಂಬ ನಡೆಯುತ್ತಿದ್ದಾಳೆ. ಒಂದೊಂದೇ ಬಸ್ಸಿನ ಹತ್ತಿರ ನಿಂತು, "ಇದು ನಿಂದಾ? ಇದು ನಿಂದಾ?" ಎಂದು ಕೇಳುತ್ತಿದ್ದಾಳೆ. ಬಳಗದಲ್ಲಿ ಓದಿದವರೆಲ್ಲ ಸುಮ್ಮನಾಗಿದ್ದರು. ಮಗ್ಗುಲಿನಲ್ಲಿ ಸುಮ್ಮನಾಗುವುದೆಂದರೆ ತಲೆ ನೇವರಿಸಿದ ಹಾಗೆ.

ಕೆಲವು ದಿನಗಳಲ್ಲಿ ಆ ಕನಸು ಅವನ ಡಿಪೋಗೆ ಹೋಗಿ ಮುಟ್ಟಿತು. ಯಾರು ಒಯ್ದರೋ, ಯಾವ ಫೋನಿನಿಂದ ಯಾವ ಫೋನಿಗೆ ಹಾರಿತೋ. ಕ್ಯಾಂಟೀನಿನಲ್ಲಿ ಒಬ್ಬ ಅದನ್ನು ಗಟ್ಟಿಯಾಗಿ ಓದಿದನಂತೆ. ಮರುದಿನ ಅವನ ಬಸ್ಸಿನ ಸ್ಟೀರಿಂಗಿಗೆ ಹಾಲು ಕುಡಿಸುವ ಬಾಟಲಿಯೊಂದನ್ನು ಕಟ್ಟಿ ನೇತು ಹಾಕಿದ್ದರು. "ಕಂಕುಳ ಕೂಸು" ಎಂಬ ಹೆಸರು ಅಂಟಿತು. ಡ್ರೈವರಣ್ಣ ಬಳಗಕ್ಕೆ ಒಂದೇ ಸಾಲು ಬರೆದ: "ನಾನು ನಿಮಗೆ ಏನು ಮಾಡಿದ್ದೆ?" ಆಮೇಲೆ ಹೊರಟುಹೋದ.

ಪರದೆ ಮತ್ತು ಗುಳಿಗೆ ಅಣ್ಣ ಹೆದರಿದರು. ಹೆದರಿದವರು ಮಾಡುವುದನ್ನೇ ಮಾಡಿದರು. ಎಲ್ಲರೂ ನಿಜವಾದ ಹೆಸರು ಕೊಡಬೇಕು, ಫೋಟೋ ಹಾಕಬೇಕು ಎಂದರು. ಬರೀ ಓದಿ, ಏನೂ ಬರೆಯದವರನ್ನು ಹೊರಗೆ ಹಾಕಿದರು. ಆಗ ಗುಳಿಗೆ ಅಣ್ಣನೇ ಹೇಳಿದ್ದು: "ಹಲೋ ಅಕ್ಕನ ಫೋನು ಎಲ್ಲಾನೂ ಗಟ್ಟಿಯಾಗಿ ಓದಿ ಹೇಳುತ್ತಂತೆ. ಆಸ್ಪತ್ರೇಲಿ ಕೂತು ಕೇಳಿದ್ರೆ ಪಕ್ಕದವರ ಕಿವಿಗೆ ಬೀಳದೇ ಇರುತ್ತಾ?" ಅದು ಸರಿಯೆನ್ನಿಸಿತು. ಹೆಸರಿನ ಮೇಲೆ ಬೆರಳಿಟ್ಟು ತೆಗೆದುಹಾಕಿದವಳು ಪರದೆ. ಕೇಳಿದವರಿಲ್ಲ, ಹೇಳಿದವರಿಲ್ಲ.

ಆಮೇಲೆ ಬಳಗ ಮೆಲ್ಲಗೆ ಬತ್ತಿತು. ಬರೆಯುವವರು ಬರೆದರು, ಆದರೆ ಅವು ಒಗೆದು ಇಸ್ತ್ರಿ ಮಾಡಿದ ಕನಸುಗಳು. "ನಿನ್ನೆ ಸಮುದ್ರ ಕಂಡೆ, ಚೆನ್ನಾಗಿತ್ತು." "ನಿನ್ನೆ ಗುಲಾಬಿ ಹೂ ಕಂಡೆ." ನಿಜವಾದ ಕನಸಿನಲ್ಲಿ ಯಾರಿಗೆ ಅಷ್ಟೊಂದು ಗುಲಾಬಿ ಕಾಣುತ್ತದೆ? ಕಡೆಗೆ ಅದೂ ನಿಂತಿತು. ಬೆಳಗ್ಗೆ ಎದ್ದು ನೋಡಿದರೆ ಪರದೆಯ ಒಂದು ಕನಸು, ಅದರ ಕೆಳಗೆ ಬಿಳಿ ಖಾಲಿ.

ಅವಳು ಗುಳಿಗೆ ಅಣ್ಣನಿಗೆ ಫೋನ್ ಮಾಡಿದಳು. "ತೆಗೆದವರನ್ನ ವಾಪಸ್ ಕರೆಯೋಣ."

"ಕಳ್ಳ ಸಿಗದೇ ಬಾಗಿಲು ತೆಗೆಯೋದಾ?"

"ಕಳ್ಳ ಸಿಗಲಿಲ್ಲ, ಮನೆಯವರು ಹೊರಗೆ ಹೋದ್ರು. ನಾವಿಬ್ಬರೂ ಕಾಯ್ತಿರೋದು ಖಾಲಿ ಮನೇನ, ಅಣ್ಣ."

ಆ ಕಡೆ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದುದು ಕೇಳಿಸಿತು. "ನೀನೇ ಮೊದಲು ಹಲೋ ಅಕ್ಕನ ಹತ್ತಿರ ಮಾತಾಡು," ಎಂದ ಗುಳಿಗೆ ಅಣ್ಣ. "ನನಗೆ ಮುಖ ಇಲ್ಲ."

ಹಲೋ ಅಕ್ಕನ ನಂಬರು ಅವಳ ಹತ್ತಿರ ಇರಲಿಲ್ಲ. ಆದರೆ ಆಸ್ಪತ್ರೆ ಯಾವುದೆಂದು ಅಕ್ಕ ಎಂದೋ ಹೇಳಿದ್ದರು. ಮಧ್ಯಾಹ್ನ, ಅವಳ ಹೊಲಿಗೆ ಅಂಗಡಿಯ ಉದ್ದನೆಯ ಮೇಜಿನ ಮೇಲೆ ನೀಲಿ ಬಟ್ಟೆ ಹರಡಿತ್ತು. ಯಾವುದೋ ಸಭಾಂಗಣದ ಪರದೆ, ಮೇಜು ದಾಟಿ ನೆಲಕ್ಕೂ ಇಳಿದು ಅಂಗಡಿಯ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡಿತ್ತು. ಬಟ್ಟೆ ನೆಟ್ಟಗೆ ಇಳಿಬೀಳಲೆಂದು ಕೆಳಅಂಚಿನೊಳಗೆ ಸೀಸದ ಬಿಲ್ಲೆಗಳನ್ನು ತೂರಿಸುತ್ತಾ ಅವಳು ಆಸ್ಪತ್ರೆಗೆ ಫೋನ್ ಹಚ್ಚಿದಳು.

"ನಮಸ್ಕಾರ, ಆಸ್ಪತ್ರೆ. ಯಾವ ವಿಭಾಗ ಬೇಕು?"

"ಯಾವ ವಿಭಾಗವೂ ಬೇಡ. ನೀವೇ ಬೇಕು."

"ನನಗೆ ಯಾವ ಕಾಯಿಲೆ ವಾಸಿ ಮಾಡೋಕೂ ಬರಲ್ಲಮ್ಮ. ಮೂಳೆಯಾ, ಕಣ್ಣಾ, ಹೆರಿಗೆಯಾ?"

"ಹಲೋ ಅಕ್ಕ, ನಾನು ಪರದೆ."

ಆ ಕಡೆಯಿಂದ "ಲೈನಲ್ಲಿರಿ," ಎಂಬ ಮಾತು, ಹಿಂದೆಯೇ ಕಾಯುವವರಿಗೆ ಹಾಕುವ ಸಂಗೀತ. ಯಾರೋ ಗಾಜಿನ ಲೋಟಗಳನ್ನು ಚಮಚದಿಂದ ತಟ್ಟಿದ ಹಾಗಿನ ಸಂಗೀತ. ಪರದೆ ಕಾದಳು. ಬಿಸಿಲು ನೀಲಿ ಬಟ್ಟೆಯ ಮೇಲೆ ಒಂದು ಮಡಿಕೆಯಿಂದ ಇನ್ನೊಂದು ಮಡಿಕೆಗೆ ಸರಿಯಿತು. ತಾನು ಒಂದು ಕೊಳದ ಅಡಿಯಲ್ಲಿ ಕೂತು ಯಾರದೋ ಕರೆಗೆ ಕಾಯುತ್ತಿದ್ದೇನೆ ಎಂದು ಅವಳಿಗೆ ಅನ್ನಿಸತೊಡಗಿತು.

"ಹೇಳಮ್ಮ," ಎಂದಿತು ದನಿ.

"ತಪ್ಪಾಯ್ತು."

"ಏನು ತಪ್ಪಾಯ್ತು?" ಕೋಪದಿಂದ ಕೇಳಿದ್ದಲ್ಲ, ಯಾವ ವಿಭಾಗ ಎಂದು ಕೇಳಿದ ಹಾಗೇ ಕೇಳಿದ್ದು.

"ನಿಮ್ಮ ಫೋನು ಗಟ್ಟಿಯಾಗಿ ಓದುತ್ತೆ, ನಿಮ್ಮಿಂದಲೇ ಮಾತು ಹೊರಗೆ ಹೋಯ್ತೇನೋ ಅಂದ್ಕೊಂಡ್ವಿ. ನಿಮ್ಮನ್ನ ಒಂದು ಮಾತು ಕೇಳದೇ ತೆಗೆದ್ವಿ."

"ನಾನು ಕಿವಿಗೆ ಸಿಕ್ಕಿಸಿಕೊಂಡೇ ಕೇಳೋದು. ಇಲ್ಲಿ ಯಾರು ಹುಟ್ಟಿದ್ರು, ಯಾರು ಹೋದ್ರು ಅನ್ನೋದು ಎಷ್ಟೋ ಸಲ ಮನೆಯವರಿಗಿಂತ ಮೊದಲು ನನ್ನ ಕಿವಿಗೆ ಬೀಳುತ್ತೆ. ಒಂದೂ ಬಾಯಿಗೆ ಬಂದಿಲ್ಲ. ಇರು, ಲೈನ್ ಬಂತು." ಮತ್ತೆ ಗಾಜಿನ ಲೋಟಗಳು. ಮತ್ತೆ ದನಿ. "ಅದು ಹೋಗಲಿ ಬಿಡು. ನೀವು ತೆಗೆದ ದಿನ ಬೆಳಗ್ಗೆ ನನಗೊಂದು ಒಳ್ಳೇ ಕನಸು ಬಿದ್ದಿತ್ತು. ಹೇಳೋಣ ಅಂತ ಬಂದೆ, ಬಾಗಿಲು ಹಾಕಿತ್ತು. ಈಗ ಆ ಕನಸು ನೆನಪಿಲ್ಲ. ನನಗೆ ಅದಕ್ಕೇ ಬೇಜಾರು."

ಸೀಸದ ಬಿಲ್ಲೆ ಪರದೆಯ ಅಂಗೈಯಲ್ಲಿ ಬೆಚ್ಚಗಾಗಿತ್ತು.

"ನಾನು ಬರ್ತೀನಿ," ಎಂದರು ಅಕ್ಕ. "ಆದರೆ ಮಿಕ್ಕವರಿಗೆ ಮೆಸೇಜು ಹಾಕಿ ಕೈ ತೊಳ್ಕೋಬೇಡಿ. ಹೊರಗೆ ಹಾಕಿದ ಕೈಯೇ ಒಬ್ಬೊಬ್ಬರಿಗೂ ಫೋನ್ ಮಾಡಲಿ. ಆಮೇಲೆ ಇನ್ನೊಂದು. ಬರೆಯೋಕೆ ಆಗದವರು ಬಾಯಲ್ಲೇ ಹೇಳಲಿ. ನಾನು ಮೊದಲಿಂದಲೂ ಅಂತಾನೇ ಇದ್ದೆ. ಓದೋದೇ ಚೆಂದ ಅಂದ್ರಿ ನೀವೆಲ್ಲ. ಚೆಂದ ನಿಮಗೆ."

ಹಾಗೆ ಅವಳೂ ಗುಳಿಗೆ ಅಣ್ಣನೂ ಅವರಿವರಿಂದ ನಂಬರು ಹುಡುಕಿ, ಹಂಚಿಕೊಂಡು ಫೋನ್ ಮಾಡಿದರು. ಒಬ್ಬಾಕೆ, "ಪಾಲಿಸಿ ಬೇಡಮ್ಮ," ಎಂದು ಇಟ್ಟುಬಿಟ್ಟಳು. ಇನ್ನೊಬ್ಬರು ಬೈದರು, ಬೈದು ಮುಗಿಸಿ ಅತ್ತರು, ಅತ್ತು ಮುಗಿಸಿ ಅಂದಿನ ಕನಸನ್ನು ಅಲ್ಲಿಯೇ ಹೇಳಿದರು. ಬರೆಯದೆ ಓದುತ್ತಿದ್ದವನೊಬ್ಬ ಲೇತ್ ಕೆಲಸದವನು. "ನನಗೆ ಕನಸೇ ಬೀಳಲ್ಲ ಅಕ್ಕ. ಅದಕ್ಕೇ ನಿಮ್ಮವನ್ನ ಓದ್ತಿದ್ದೆ," ಎಂದ. ಪರದೆಯಿಂದ ಆ ಮಾತು ಕೇಳಿ ಗುಳಿಗೆ ಅಣ್ಣ ಅಂಗಡಿಯ ಹಿಂದೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದನಂತೆ. ಕೆಲವರು ಬರುವುದಿಲ್ಲವೆಂದರು, ಬರಲಿಲ್ಲ.

ಬಳಗದ ಎಲ್ಲರೆದುರು ಇಬ್ಬರೂ ತಮ್ಮ ದನಿಯಲ್ಲೇ ತಪ್ಪನ್ನು ಹೇಳಿಕೊಂಡರು. ಹೆಸರು, ಫೋಟೋ ಕೇಳುವುದನ್ನು ಕೈಬಿಟ್ಟರು. ಇನ್ನು ಮುಂದೆ ಯಾರನ್ನೂ ಅವರ ಮಾತು ಕೇಳದೆ ಹೊರಗೆ ಕಳಿಸುವಂತಿಲ್ಲ, ಹೇಳಿದ ಕನಸನ್ನು ಹೇಳಿದವರು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು ಎಂದು ಎಲ್ಲರೂ ಕೂಡಿ ಒಪ್ಪಿಕೊಂಡರು. ಕರೆಂಟಿನ ಮಾತು ಬರೆದಿದ್ದವನು ಹಲೋ ಅಕ್ಕನಿಗೆ ಕ್ಷಮೆ ಕೇಳಿದ. "ಆಯ್ತು ಬಿಡಪ್ಪ, ಕರೆಂಟು ಬಂತು," ಎಂದರು ಅಕ್ಕ.

ಉಳಿದವನು ಡ್ರೈವರಣ್ಣ. ಅವನು ಫೋನ್ ಎತ್ತಲಿಲ್ಲ. ಅವನು ಓಡಿಸುವ ದಾರಿ ಅವಳಿಗೆ ಅವನ ಹಳೆಯ ಕನಸುಗಳಿಂದಲೇ ಗೊತ್ತಿತ್ತು. ರಜೆಯ ದಿನ ಎರಡು ಬಸ್ಸು ಬದಲಿಸಿ ಹೋಗಿ ಅವನ ಬಸ್ಸು ಹತ್ತಿದಳು. ಕೊನೆಯ ಸ್ಟಾಪಿನಲ್ಲಿ ಜನವೆಲ್ಲ ಇಳಿದ ಮೇಲೂ ಅವಳು ಇಳಿಯಲಿಲ್ಲ. ಇಂಜಿನ್ ನಿಂತಿತು. ಕಿಟಕಿಯ ಹೊರಗೆ ಒಂದು ಮರ ತನ್ನ ನೆರಳನ್ನು ಬಸ್ಸಿನೊಳಗೆ ಚೆಲ್ಲಿ ತೂಗುತ್ತಿತ್ತು.

"ಇದು ಲಾಸ್ಟ್ ಸ್ಟಾಪು," ಎಂದ ಡ್ರೈವರಣ್ಣ ಕನ್ನಡಿಯಲ್ಲಿ ನೋಡುತ್ತಾ. ಮೀಸೆ ನಿಜಕ್ಕೂ ದಪ್ಪಗಿತ್ತು.

ಅವಳು ಮುಂದೆ ಬಂದು ತಾನು ಯಾರೆಂದು ಹೇಳಿದಳು. ಅವನು ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿದ, ಮತ್ತೆ ಮುಚ್ಚಿದ.

"ಯಾರೂಂತ ಗೊತ್ತಾಯ್ತಾ?"

"ಇಲ್ಲ. ಗೊತ್ತಾಗೋದೂ ಇಲ್ಲ ಅನ್ಸುತ್ತೆ."

"ಮತ್ತೆ ಯಾವ ಧೈರ್ಯದ ಮೇಲೆ ಕರೀತಿದೀಯಮ್ಮ?"

"ಧೈರ್ಯ ಏನಿಲ್ಲ ಅಣ್ಣ. ನೀವಿಲ್ಲದೆ ಸರಿಯಾಗ್ತಿಲ್ಲ, ಅದಕ್ಕೇ ಬಂದೆ."

ಅವನು ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು, ನಿಂತ ಬಸ್ಸನ್ನೇ ಓಡಿಸುತ್ತಿರುವವನ ಹಾಗೆ ಎದುರಿನ ರಸ್ತೆ ನೋಡಿದ. "ಅವಳು ಎತ್ತಿಕೊಂಡಾಗ ನನಗೆ ಭಾರವೇ ಇರಲಿಲ್ಲ ನೋಡು. ಅವಳು ಹೋದ ಮೇಲೆ ಮೊದಲನೇ ಸಲ. ಅಷ್ಟು ಹೇಳ್ಬೇಕಿತ್ತು ಯಾರಿಗಾದ್ರೂ. ಹೇಳ್ದೆ. ಈಗ ಮಲಗಿದ್ರೆ ಏನೂ ಇಲ್ಲ. ಶಟರ್ ಎಳೆದ ಅಂಗಡಿ," ಎಂದ.

ಹಿಂತಿರುಗುವ ದಾರಿಯಲ್ಲಿ ಅವಳು ಅವನ ಹಿಂದಿನ ಸೀಟಿನಲ್ಲೇ ಕೂತಳು. ಅಂಗಡಿಗಳು, ಗೋಡೆಗಳು, ಬಟ್ಟೆ ಒಣಹಾಕಿದ ಮಹಡಿಗಳು ಕಿಟಕಿಯಲ್ಲಿ ಹರಿದುಹೋದವು. ಅವಳಿಗೆ ನಿದ್ದೆಯ ಮೊದಲ ಅಲೆ ಬಂದ ಹಾಗೆ ಕಣ್ಣು ಕೂಡಿತು. ಇಳಿಯುವಾಗ ಅವನು, "ಹುಷಾರು, ಮೆಟ್ಟಿಲು ಎತ್ತರ," ಎಂದನಷ್ಟೇ.

ಈ ನಡುವೆ ಅತ್ತೆಗೆ ಬೇರೆಯೇ ಕುತೂಹಲ ಹತ್ತಿತ್ತು. ಸೊಸೆ ಬೆಳಗ್ಗೆ ಕಿವಿಗೆ ಏನನ್ನೋ ಸಿಕ್ಕಿಸಿಕೊಂಡು ಒಬ್ಬಳೇ ನಗುವುದು, ಒಬ್ಬಳೇ ನಿಟ್ಟುಸಿರು ಬಿಡುವುದು.

"ಅದರೊಳಗೆ ಯಾರು ಮಾತಾಡ್ತಾರೆ? ನನಗೂ ಕೇಳಿಸು."

"ಹೊರಗಿನವರಿಗೆ ಕೇಳಿಸೋ ಹಾಗಿಲ್ಲ ಅತ್ತೆ. ಒಳಗೆ ಬಂದ್ರೆ ಕೇಳಬಹುದು."

"ಒಳಗೆ ಅಂದ್ರೆ ಎಲ್ಲಿ, ನಿನ್ನ ಕೋಣೆಗಾ?"

"ಬಳಗಕ್ಕೆ. ನೀವೂ ಕನಸು ಹೇಳಬೇಕಾಗುತ್ತೆ."

"ಹೇಳೋಕೇನು ಬಾಯಿಗೆ ಬೀಗ ಹಾಕಿದ್ಯಾ? ಬರೆಯೋಕೆ ಬರಲ್ಲ ಅಂತ ತಾನೇ ಇಷ್ಟು ದಿನ ನನ್ನ ಕೇಳಿರಲಿಲ್ಲ ನೀನು?"

ಪರದೆ ತಲೆ ತಗ್ಗಿಸಿದಳು. ಆ ಮಾತು ನಿಜವೇ ಆಗಿತ್ತು.

ಮರುದಿನ ಬೆಳಗ್ಗೆ ಅತ್ತೆ ಫೋನನ್ನು ಹಪ್ಪಳದ ಹಾಗೆ ಅಂಗೈ ಮೇಲಿಟ್ಟುಕೊಂಡು ಶುರು ಮಾಡಿದರು. "ನಮಸ್ಕಾರ. ನಾನು ಪರದೆಯ ಅತ್ತೆ. ರಾತ್ರಿ ನಮ್ಮ ಯಜಮಾನರು ಬಂದಿದ್ರು. ಹೋಗಿ ಬಹಳ ವರ್ಷ ಆಯ್ತು ಅವರು. ತುಂಬಾ ಚಿಕ್ಕವರಾಗಿಬಿಟ್ಟಿದ್ರು, ತಲೆ ತುಂಬ ಕೂದಲು. ಬಾಗಿಲು ತಟ್ಟಿ, ಇಲ್ಲಿ ಯಾರಿದ್ದಾರೆ ಅಂದ್ರು. ನನಗೆ ಗುರುತೇ ಸಿಗಲಿಲ್ಲ. ಇಲ್ಲಿ ಯಾರೂ ಇಲ್ಲ, ಪಕ್ಕದ ಮನೇಲಿ ಕೇಳಿ ಅಂತ ಬಾಗಿಲು ಹಾಕ್ಬಿಟ್ಟೆ. ನಗ್ತಾ ಹೋದ್ರು. ಎದ್ದ ಮೇಲೆ ನೆನಪಾಯ್ತು. ಹೋಗಿ ಬಾಗಿಲು ತೆಗೆದು ನೋಡಿದೆ, ಹುಚ್ಚು." ಅಷ್ಟಾದ ಮೇಲೆ ಫೋನನ್ನು ಕಿಟಕಿಯ ಬದಿಗಿಟ್ಟು ಕೆಲಸಕ್ಕೆ ತೊಡಗಿದರು. ರೆಕಾರ್ಡಿಂಗ್ ನಿಲ್ಲಿಸಬೇಕೆಂದು ಅವರಿಗೆ ಗೊತ್ತಿರಲಿಲ್ಲ. ನಲ್ಲಿಯ ನೀರು, ಪಾತ್ರೆಗೆ ಸೌಟು ತಾಗಿದ್ದು, ಎಲ್ಲೋ ಒಂದು ಹಕ್ಕಿ, ಅತ್ತೆಯ ಅರ್ಧಂಬರ್ಧ ಗುನುಗು, ಎಲ್ಲವೂ ಸೇರಿ ಹೋಯಿತು.

ಬಳಗದಲ್ಲಿ ಜನ ಅದನ್ನು ಕೊನೆಯವರೆಗೂ ಕೇಳಿದರು. "ಕನಸಿಗಿಂತ ಆಮೇಲಿನದು ನನಗೆ ಚೆನ್ನಾಗಿ ಕಂಡಿತು," ಎಂದರು ಹಲೋ ಅಕ್ಕ. ಲೇತ್ ಕೆಲಸದವನು, "ಇನ್ನೊಂದು ಸಲ ಕೇಳ್ತಿದೀನಿ," ಎಂದ.

ಆಮೇಲೆ ಒಂದು ಗಡಸು ದನಿ ಬಂತು. ಹಿಂದೆ ಇಂಜಿನ್ನಿನ ಗುಡುಗುಡು. ಅವನು ಯಾವಾಗ ಬಂದು ಸೇರಿಕೊಂಡನೆಂದು ಪರದೆ ಗಮನಿಸಿರಲಿಲ್ಲ. "ಅಮ್ಮಾ, ಮತ್ತೆ ಬಂದ್ರೆ ಒಳಗೆ ಕೂರಿಸಿ. ನೀರು ಕೊಡಿ. ದೂರದಿಂದ ಬಂದಿರ್ತಾರೆ."

"ಯಾರಮ್ಮ ಇದು?" ಎಂದು ಅತ್ತೆ ಕೇಳಿದರು, ಕೈಯಲ್ಲಿ ಸೌಟು ಹಿಡಿದುಕೊಂಡೇ.

"ಬಸ್ಸು ಓಡಿಸ್ತಾರೆ ಅತ್ತೆ."

"ಒಳ್ಳೇ ಮಾತು ಹೇಳ್ದ," ಎಂದು ಅತ್ತೆ ಫೋನಿನತ್ತ ಬಾಗಿದರು. "ಆಗಲಪ್ಪ. ಕೂರಿಸ್ತೀನಿ."