ಸೋಮವಾರದ ಅಳತೆ

ಹಂಸ ಮೇಡಂ ನಾಲ್ಕನೆಯ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಹೊಂಗೆ ಸಸಿಯೊಂದಕ್ಕೆ ಸ್ಕೇಲು ಹಿಡಿದು, "ಶ್ರೀನಾಥ್, ಇದು ಹೋದ್ಸಲ ಎಷ್ಟಿತ್ತು?" ಎಂದರು.

ಶ್ರೀನಾಥ ಪುಸ್ತಕ ನೋಡಿದ. "ಮೂವತ್ತೊಂದೂವರೆ ಸೆಂಟಿಮೀಟರ್, ಮೇಡಂ."

"ಇವತ್ತು ಇಪ್ಪತ್ತೆರಡು. ಗಿಡ ಕೆಳಕ್ಕೆ ಬೆಳೀತಾ ಇದ್ಯೇನ್ರೀ?"

ಹೊಂಗೆ ಎಣ್ಣೆಯಲ್ಲಿ ಬಸ್ಸನ್ನೇ ಓಡಿಸಬಹುದೆಂದು ಎಲ್ಲರೂ ಮಾತಾಡುತ್ತಿದ್ದ ೨೦೦೫ರ ಕಾಲ. ಕೆ.ಆರ್. ಪುರದ ಆಚೆಯ ಆ ನರ್ಸರಿಯಲ್ಲಿ ಮೇಡಂ ಅವರ ಪ್ರಯೋಗಕ್ಕಾಗಿ ಏಳು ಊರುಗಳ ಹೊಂಗೆ ಬೀಜ ತಂದು, ಊರಿಗೊಂದು ಸಾಲಿನಂತೆ ಚೀಲಗಳಲ್ಲಿ ಹಾಕಿದ್ದರು. ಮಣ್ಣು, ನೀರು, ನೆರಳು ಎಲ್ಲಕ್ಕೂ ಒಂದೇ. ಯಾವ ಊರಿನ ಬೀಜ ಚುರುಕಾಗಿ ಏಳುತ್ತದೆಂದು ನೋಡುವುದೇ ಕೆಲಸ. ಹದಿನೈದು ದಿನಕ್ಕೊಂದು ಸೋಮವಾರ ಶ್ರೀನಾಥ ಒಂದೊಂದನ್ನೂ ಅಳೆದು ಬರೆಯಬೇಕು.

ಹೋದ ಸಲದ ಸೋಮವಾರ ಅವನು ಅಳೆದಿರಲಿಲ್ಲ. ಗೆಳೆಯ ಸುನಿಲನ ಬೈಕಿಗೆ ಹಳೆ ಸೈಲೆನ್ಸರ್ ಹುಡುಕುತ್ತ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಸುತ್ತಿ, ಬಿರಿಯಾನಿ ತಿಂದು, ಸಂಜೆ ಗರುಡಾಚಾರ್‌ಪಾಳ್ಯದ ಮನೆಯಲ್ಲಿ ಕೂತು ಹಳೆಯ ಅಂಕಿಗಳಿಗೆ ಒಂದೂವರೆ, ಎರಡು ಎಂದು ಸೇರಿಸಿದ್ದ. ಎಲ್ಲಕ್ಕೂ ಒಂದೇ ಸಮ ಸೇರಿಸಿದರೆ ಅನುಮಾನ ಬರುತ್ತದೆಂದು ಅಲ್ಲೊಂದು ಇಲ್ಲೊಂದು ಕಡಿಮೆಯನ್ನೂ ಮಾಡಿದ್ದ. ಅಷ್ಟು ಶ್ರದ್ಧೆಯಿಂದ ಅವನು ನಿಜವಾಗಿ ಅಳೆದದ್ದೂ ಇರಲಿಲ್ಲ.

ಮೇಡಂ ಎಣಿಸಿದರು. ಅಂಥ ಗಿಡ್ಡ ಸಸಿಗಳು ಒಂಬತ್ತು. ನೀರು ಹಾಕುತ್ತಿದ್ದ ಸಾಬಮ್ಮನನ್ನು ಕರೆದರು.

ಸಾಬಮ್ಮ ಯಾದಗಿರಿ ಕಡೆಯವಳು. ಶ್ರೀನಾಥನ ತಂದೆ ಮುನಿಆಂಜನಪ್ಪನವರ ವಠಾರದಲ್ಲಿ ಬಾಡಿಗೆಗೆ ಇದ್ದಳು. ಬೇರೆ ನರ್ಸರಿಗಳಲ್ಲಿ ದುಡಿದು ಪಳಗಿದ ಕೈ ಎಂದು ಶ್ರೀನಾಥನೇ ಇಲ್ಲಿಗೆ ಸೇರಿಸಿದ್ದ.

"ಅವು ಸತ್ತಿದ್ವು ರೀ," ಎಂದಳು ಅಳುಕಿಲ್ಲದೆ. "ಗೊಣ್ಣಿ ಹುಳ ಬೇರು ತಿಂದಿತ್ತು. ಮೂಲ್ಯಾಗ ಉಳಕಿ ಗಿಡ ಇದ್ವಲ್ಲ, ತಂದು ಹಚ್ಚೀನಿ. ಖಾಲಿ ಚೀಲ ಹ್ಯಾಂಗ ಬಿಡಾದು?"

ಮಾರುವ ನರ್ಸರಿಯಲ್ಲಿ ಖಾಲಿ ಚೀಲ ಬಿಟ್ಟವಳು ಸೋಮಾರಿ, ತುಂಬಿದವಳು ಒಳ್ಳೆಯ ಕೆಲಸದವಳು. ಇಲ್ಲಿ ಸತ್ತದ್ದೂ ಒಂದು ಲೆಕ್ಕವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮೂಲೆಯಲ್ಲಿದ್ದದ್ದು ಏಳೂರಿನ ಮಿಕ್ಕ ಸಸಿಗಳು. ಯಾವುದು ಯಾವ ಊರಿನದೆಂದು ಇನ್ನು ಹೇಳುವಂತಿರಲಿಲ್ಲ. ಬೆರಕೆಯಾದ ಸಾಲನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ; ಎಂಟು ತಿಂಗಳ ಕೆಲಸ ಹಾಳಾಗಿತ್ತು.

"ಯಾವಾಗಮ್ಮ ನೆಟ್ಟಿದ್ದು?"

ಸಾಬಮ್ಮ ಶ್ರೀನಾಥನನ್ನು ನೋಡಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವಂತೆ ಅವನು ಪುಸ್ತಕ ಮುಚ್ಚಿದ.

"ಸಾಹೇಬ್ರು ಸೋಮವಾರ ಬಂದು ಅಳದು ಹೋದ್ರಲ್ರಿ, ಅದರ ಮರದಿನ."

ನಾನು ಬಂದಿರಲಿಲ್ಲ ಮೇಡಂ ಎನ್ನಲು ಅವನಿಗೆ ಬೇಕಾದಷ್ಟು ಹೊತ್ತಿತ್ತು. ಮೇಡಂ ಎದ್ದು ಸೀರೆಯ ಮಣ್ಣು ಕೊಡವಿದರು, ಕನ್ನಡಕ ಒರೆಸಿದರು, ಬಾಟಲಿಯ ನೀರು ಕುಡಿದರು. ಅವನು ಮುಚ್ಚಿದ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

"ನೀವೇನ್ ಮಾಡಕ್ಕಾಗುತ್ತೆ ಬಿಡಿ," ಎಂದರು ಅವರು. "ನಾಲ್ಕನೇ ಸಾಲು ಕೈಬಿಡೋಣ. ನಡೆದಿದ್ದನ್ನ ಬರೆದು ಇವಳ ಹೆಬ್ಬೆಟ್ಟು ಹಾಕಿಸ್ಕೊಳ್ಳಿ. ನಾಳೆಯಿಂದ ಬೇರೆಯವರನ್ನ ನೋಡ್ಕೊಳ್ಳಿ."

ಮೇಡಂ ಹೋದ ಮೇಲೆ ಅವನು ಶೆಡ್ಡಿನಲ್ಲಿ ಕೂತು, ಸೋಮವಾರ ತಾನು ಅಳೆದು ಹೋದ ಮರುದಿನ ಎಂದೇ ಬರೆದ. ಸಾಬಮ್ಮ ಬಾಗಿಲಲ್ಲಿ ನಿಂತಿದ್ದಳು.

"ಆ ಸೋಮವಾರ ನಿಮಗ ತೋರಸಬೇಕಂತ ಸತ್ತ ಗಿಡ ಒಂಬತ್ತೂ ಗ್ವಾಡಿ ಬಾಜೂಕ ಇಟ್ಟು ಕುಂತಿದ್ದೆ, ಸರ," ಎಂದಳು. "ಸಂಜಿ ತನಕ ನೀವು ಬರಲಿಲ್ಲ."

ಬೈದಿದ್ದರೆ ಅವನು ಏನಾದರೂ ಅನ್ನಬಹುದಿತ್ತು. ಅವಳು ಬೈಯುತ್ತಿರಲಿಲ್ಲ. ಅವನು ಬರೆದ ಕಾಗದವನ್ನು ಎತ್ತಿಕೊಂಡ.

"ಓದಿ ಹೇಳ್ತೀನಿ, ಕೇಳಿಸ್ಕೋ ಸಾಬಮ್ಮ."

"ಓದಾದು ಬ್ಯಾಡ್ರಿ. ನೀವು ಬರೆದದ್ದು ಖರೇನ ಇರ್ತದ."

ಅವನು ಇಂಕಿನ ಪ್ಯಾಡನ್ನು ಮುಂದೆ ತಳ್ಳಿದ. ಅವಳು ಒದ್ದೆ ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, ಕಾಗದ ಕೊಳೆಯಾಗದಂತೆ ಜೋಪಾನವಾಗಿ ಒತ್ತಿದಳು.

"ಒಂದು ಮಾತು, ಸರ. ಕೆಲಸ ಹೋದ್ರ ಹೋಗಲಿ. ಖೋಲಿ ಮಾತ್ರ ಬಿಡಸಬ್ಯಾಡಂತ ನಿಮ್ಮ ಅಪ್ಪಾರಿಗೆ ಹೇಳ್ರಿ. ನಾ ಯಾರ ಮುಂದೂ ಏನೂ ಅನ್ನಂಗಿಲ್ಲ."

"ಹೇಳ್ತೀನಿ," ಎಂದ ಶ್ರೀನಾಥ.

ಅವಳು ಕೈ ಮುಗಿದಳು. ಇನ್ನೂ ಮೂರು ಸಾಲಿಗೆ ನೀರು ಹಾಕುವುದಿತ್ತು. ಹೋಗಿ ಪೈಪು ಹಿಡಿದಳು. ಚೀಲಗಳ ಮೇಲೆ ನೀರು ಬೀಳುವ ಸದ್ದು ಶೆಡ್ಡಿಗೆ ಕೇಳುತ್ತಿತ್ತು. ಅದು ನಿಲ್ಲುವವರೆಗೂ ಅವನು ಹೊರಗೆ ಬರಲಿಲ್ಲ.