ಹೋಬರ್ಟ್ ಮಾವನ ಕೋವಿ, ವರ್ಲಿನ್ನನ ಬಾಯಿ

ಏಳನೆಯ ವಯಸ್ಸಿನಲ್ಲಿ ವರ್ಲಿನ್ ಟ್ಯಾಕೆಟ್ ಚಕಮಕಿ ಕೋವಿಯಿಂದ ಹಾರಿಸಿದ ಒಂದೇ ಒಂದು ಗುಂಡು, ಆಚೆ ಗುಡ್ಡದಲ್ಲಿ ಮೇಯುತ್ತಿದ್ದ ಹಸುವಿನ ಕೊಂಬಿನ ಮೇಲೆ ಕೂತಿದ್ದ ನೊಣದ ಎಡರೆಕ್ಕೆಯನ್ನು ಮಾತ್ರ ಕತ್ತರಿಸಿ, ಅಲ್ಲಿಂದ ಮುಂದೆ ಹೋಗಿ ಒಂದು ಟರ್ಕಿ ಕೋಳಿಯನ್ನು ಕೆಡವಿ, ಕೊನೆಗೆ ಮರದ ಪೊಟರೆಯ ಜೇನುಗೂಡಿಗೆ ತೂತು ಕೊರೆದು, ಸತ್ತ ಕೋಳಿಯ ಮೇಲೆ ಜೇನು ಸುರಿಯುವಂತೆ ಮಾಡಿತು. ಹಸು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಇದಕ್ಕೆ ಸಾಕ್ಷಿ ಯಾರೆಂದರೆ ಸ್ವತಃ ವರ್ಲಿನ್. ಅಂಥ ಸತ್ಯವಂತ ಟೆನೆಸ್ಸಿಯ ಪೂರ್ವದ ಬೆಟ್ಟಗಳಲ್ಲಿ ಇನ್ನೊಬ್ಬ ಹುಟ್ಟಿಲ್ಲ ಎಂಬುದನ್ನೂ ಅವನೇ ಹೇಳಿದ್ದಾನೆ.

ಈ ಕತೆಯನ್ನು ಅವನು ಮೂರು ವರ್ಷದ ಹಿಂದೆ ಹೋಬರ್ಟ್ ಸ್ಲೂಡರನಿಗೆ ಹೇಳಿದ್ದ. ಹೇಳಲೇಬೇಕಾಗಿತ್ತು. ಹೋಬರ್ಟ್ ಮಾವ ಕೋವಿ ಮಾಡುವವನು, ವರ್ಷಕ್ಕೆ ಒಂದೇ ಒಂದು. ಕೋವಿಯ ಹಿಡಿಗೆ ಬೇಕಾದ ಮೇಪಲ್ ಮರ ಸಸಿಯಾಗಿದ್ದಾಗಲೇ ಹೋಗಿ ಅದರ ಕುಶಲ ವಿಚಾರಿಸಿ ಬರುತ್ತಾನೆ, ಒಂದು ತಿರುಪು ಕೂರಿಸಲು ಎರಡು ಹುಣ್ಣಿಮೆ ತೆಗೆದುಕೊಳ್ಳುತ್ತಾನೆ ಎಂದು ಊರು ಆಡಿಕೊಳ್ಳುತ್ತದೆ. ಅವನದು ಎರಡು ಕಟ್ಟಳೆ. ಚಕಮಕಿ ಕೋವಿ ಹಾರಿಸಿ ಗೊತ್ತಿಲ್ಲದವನಿಗೆ ಅವನು ಕೋವಿ ಮಾಡಿಕೊಡುವುದಿಲ್ಲ. ಮಾಡಿಕೊಟ್ಟ ಮೇಲೂ, ಊರಿನ ವರ್ಷದ ಗುರಿ ಪಂದ್ಯದಲ್ಲಿ ಅದನ್ನು ಹಿಡಿಯುವ ರೀತಿ ನೋಡಿ ಮನಸ್ಸಿಗೆ ಬಂದರೆ ಮಾತ್ರ ನಳಿಗೆಯ ಮೇಲೆ ತನ್ನ ಹೆಸರು ಕೊರೆಯುತ್ತಾನೆ. ಬಾರದಿದ್ದರೆ ಕೊಟ್ಟ ಹಣವನ್ನು ವಾಪಸು ಮಾಡಿ ಕೋವಿಯನ್ನು ಮನೆಗೆ ಒಯ್ಯುತ್ತಾನೆ. ಹಾಗೆ ಕೋವಿ ಕಳೆದುಕೊಂಡ ಒಬ್ಬಾತ ನಾಚಿಕೆಯಿಂದ ಪಕ್ಕದ ಕೆಂಟಕಿ ರಾಜ್ಯಕ್ಕೇ ಹೋಗಿ ನೆಲೆಸಿದನಂತೆ. ಇದಕ್ಕಿಂತ ಘೋರ ಶಿಕ್ಷೆ ಈ ಕಣಿವೆಯಲ್ಲಿ ಇಲ್ಲ.

ವರ್ಲಿನ್ ಪೇಟೆಯಲ್ಲಿ ಟೈರ್ ಅಂಗಡಿ ಇಟ್ಟಿದ್ದ. ಆಯುಷ್ಯದಲ್ಲಿ ಅವನಿಗಿದ್ದದ್ದು ಒಂದೇ ಆಸೆ: ಹೋಬರ್ಟನ ಹೆಸರು ಕೊರೆದ ಕೋವಿಯ ಜೊತೆ ಆ ಪಂದ್ಯದವರ ಬೆಂಚಿನ ಮೇಲೆ ಕೂರುವುದು. ಹೋಬರ್ಟ್ ದರ್ಜಿಯ ಹಾಗೆ ಅವನ ತೋಳು, ಕುತ್ತಿಗೆ, ಕೆನ್ನೆಯ ಮೂಳೆ ಎಲ್ಲವನ್ನೂ ಅಳೆದ. ನಾಲಗೆಯೊಂದನ್ನು ಅಳೆಯಲಿಲ್ಲ, ಅಷ್ಟು ಉದ್ದದ ಟೇಪು ಇರಲಿಲ್ಲವೇನೋ.

ಕೋವಿ ಕೈಗೆ ಬಂದು ಒಂದು ವಾರವಾಗಿತ್ತು. ಆ ವಾರದಲ್ಲಿ ವರ್ಲಿನ್ ಅದನ್ನು ಒರೆಸಿದ, ಹೆಗಲಿಗೇರಿಸಿ ಕನ್ನಡಿ ನೋಡಿದ, ನಲವತ್ತು ಫೋಟೋ ತೆಗೆಸಿಕೊಂಡ. ಹಾರಿಸುವುದೊಂದು ಉಳಿಯಿತು. ಅದೇನು ಮಹಾ ಎಂದು ಬಿಟ್ಟಿದ್ದ.

ಶನಿವಾರ ಬೆಳಿಗ್ಗೆ ಪಂದ್ಯ. ನೆಲದ ಮೇಲೆ ಉರುಳಿಸಿದ ದಿಮ್ಮಿ, ಅದರ ಮೇಲೆ ನಳಿಗೆ ಇಟ್ಟು ಮಲಗಿ ಹೊಡೆಯಬೇಕು. ಅರವತ್ತು ಹೆಜ್ಜೆ ದೂರದಲ್ಲಿ, ಬೆಂಕಿಗೆ ಹಿಡಿದು ಕಪ್ಪು ಮಾಡಿದ ಹಲಗೆ. ಅದರಲ್ಲಿ ತಂತಮ್ಮ ಚಾಕುವಿನಿಂದ ಗೀರಿದ ಗುರುತು. ಇಲ್ಲಿಯ ಜನ ಚರ್ಚಿನಲ್ಲಾದರೂ ಪಿಸುಗುಟ್ಟುತ್ತಾರೆ, ಕೋವಿಗೆ ಮದ್ದು ತುಂಬುವವನ ಹತ್ತಿರ ಸೀನುವುದೂ ಇಲ್ಲ. ತುಂಬುವವನಂತೂ ತುಟಿ ಬಿಚ್ಚಲೇಬಾರದು.

ವರ್ಲಿನ್ ಸೊಂಟದಲ್ಲಿದ್ದ, ಮದ್ದು ತುಂಬಿಟ್ಟ ಕೊಂಬನ್ನು ಕೈಗೆತ್ತಿಕೊಂಡ. ಪಕ್ಕದಲ್ಲಿ ಜೆಲ್ಮಾ ಅತ್ತೆ, ಎಪ್ಪತ್ತೆಂಟರ ಮುದುಕಿ, ನಾಲ್ಕು ವರ್ಷದಿಂದ ಪಂದ್ಯ ಗೆಲ್ಲುತ್ತಿರುವವಳು, ಕರಿದ ಸೇಬಿನ ಕಡುಬು ತಿನ್ನುತ್ತ ಕೂತಿದ್ದಳು.

"ಅತ್ತೆ, ಈ ವರ್ಷ ನೀವು ಸ್ವಲ್ಪ ಬೇಜಾರು ಮಾಡ್ಕೋಬಾರ್ದು," ಎಂದ ವರ್ಲಿನ್.

"ಮದ್ದು ತುಂಬೋವಾಗ ಮಾತಾಡಬೇಡ."

"ನನಗೆ ಇದೆಲ್ಲ ಕಣ್ಣು ಮುಚ್ಚಿ ಮಾಡೋ ಕೆಲಸ ಅತ್ತೆ. ನಾನು ಏಳು ವರ್ಷದವನಿದ್ದಾಗ..."

ನೊಣದಿಂದ ಜೇನಿನವರೆಗೆ ಕತೆ ಮುಗಿಯುವಷ್ಟರಲ್ಲಿ ಕೊಂಬು ಮತ್ತೆ ಸೊಂಟಕ್ಕೆ ಹೋಗಿತ್ತು. ಸೀಸದ ಗುಂಡನ್ನು ಬಟ್ಟೆಚೂರಿನಲ್ಲಿ ಸುತ್ತಿ, ನಳಿಗೆಯ ಬಾಯಿಗಿಟ್ಟು, ಕೋಲಿನಿಂದ ಗಿಡಿದು ತಳಕ್ಕೆ ಇಳಿಸಿದ. ದಿಮ್ಮಿಯ ಹಿಂದೆ ಮಲಗಿ, ನಳಿಗೆಯ ಪಕ್ಕಕ್ಕೆ ಕೂರಿಸಿದ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು ಉದುರಿಸಿ, ಕೋವಿಯ ಕುದುರೆ ಎಳೆದ. ಕಲ್ಲು ಉಕ್ಕಿಗೆ ತಾಗಿತು. ಬಟ್ಟಲಲ್ಲಿ ಛಸ್ ಎಂದು ಬೆಂಕಿ ಎದ್ದಿತು. ಹೊಗೆ ಬಂತು. ಅಷ್ಟೇ.

ಕಣಿವೆಯೇ ಉಸಿರು ಹಿಡಿದು ಕಾದು ಕೂತಿತು. ಒಂದು ಕಾಗೆ ಬೇಸರಗೊಂಡು ಎದ್ದುಹೋಯಿತು.

"ತೇವ," ಎಂದ ವರ್ಲಿನ್. ಬಟ್ಟಲಿಗೆ ಮತ್ತೆ ಮದ್ದು. ಮತ್ತೆ ಛಸ್. "ಗಾಳಿ ಅಡ್ಡ ಬಂತು. ಕೆಂಟಕಿ ಕಡೆಯ ಗಾಳಿ." ಮೂರನೆಯ ಸಲವೂ ಛಸ್.

"ಆ ಗಾಳಿ ನಿನ್ನ ನಳಿಗೆಗೊಂದೇ ದಾರಿ ಕೇಳ್ಕೊಂಡು ಬಂದಿದೆ ನೋಡು," ಎಂದಳು ಜೆಲ್ಮಾ.

ಹೋಬರ್ಟ್ ಮಾವ ಒಂದು ನಿಮಿಷ ಕಾದು, ಎದ್ದು ಬಂದ. ಕೋಲನ್ನು ನಳಿಗೆಗೆ ಇಳಿಸಿದ. ಮದ್ದೂ ಗುಂಡೂ ಸರಿಯಾಗಿ ಕೂತಿದ್ದರೆ ಕೋಲಿನ ಮೇಲಿನ ಗೆರೆ ನಳಿಗೆಯ ಬಾಯಿಗೆ ಬಂದು ನಿಲ್ಲಬೇಕು. ಗೆರೆ ಎರಡು ಬೆರಳಿನಷ್ಟು ಒಳಕ್ಕೆ ಮುಳುಗಿತು.

"ಗುಂಡು ಇದೆ, ಮದ್ದು ಇಲ್ಲ," ಎಂದ ಹೋಬರ್ಟ್. "ಆಗುತ್ತೆ ಮಗಾ. ನನಗೂ ಆಗಿದೆ. ಜೆಲ್ಮಾಗೂ ಆಗಿದೆ."

"ಎರಡೇ ಸಲ."

"ಐದು ಸಲ. ಇರಲಿ. ಈಗ ಗುಂಡು ಹೊರಗೆ ತೆಗಿ."

ವರ್ಲಿನ್ ಬಹಳ ಗಂಭೀರವಾಗಿ ಕೋವಿಯನ್ನು ತಲೆಕೆಳಗು ಮಾಡಿ, ಉಪ್ಪಿನ ಡಬ್ಬಿ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿದ. ಹಿಂಬದಿಗೆ ಎರಡು ತಟ್ಟಿದ, ಹಸುಗೂಸಿಗೆ ತೇಗು ಬರಿಸುವವರಂತೆ. ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಟೋಪಿಯನ್ನು ಮುಖಕ್ಕೆ ಎಳೆದುಕೊಂಡರು. ಜೆಲ್ಮಾ ಅತ್ತೆಯ ಕಡುಬು ಗಂಟಲಲ್ಲೇ ನಿಂತಿತು.

ಹೋಬರ್ಟ್ ಕೋವಿ ಇಸಿದುಕೊಂಡ. ಬಟ್ಟಲ ಪಕ್ಕದ ಕಿಂಡಿಯಿಂದ ಕಾಳುಕಾಳಾಗಿ ಒಂದಿಷ್ಟು ಮದ್ದು ಒಳಗೆ ಸೇರಿಸಿದ, ಗುಂಡನ್ನು ಕೋಲಿನಿಂದ ಮತ್ತೊಮ್ಮೆ ಅದುಮಿದ, ಹಲಗೆಯ ಕಡೆ ಹಿಡಿದು ಹಾರಿಸಿದ. ಗುಂಡು ಪುಸಕ್ಕನೆ ಹೊರಬಿದ್ದು ಹುಲ್ಲಿನಲ್ಲಿ ಕೂತಿತು. ಆಮೇಲೆ ಅವನು ದಿಮ್ಮಿಯ ಮೇಲೆ ಕುಳಿತು ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡ. ಹಾಗೆ ಇಟ್ಟುಕೊಂಡದ್ದು ವರ್ಲಿನ್ನನ ಕಣ್ಣಿಗೆ ಸ್ವಲ್ಪವೂ ಚೆಂದ ಕಾಣಲಿಲ್ಲ.

"ಒಂದೇ ಮಾತು ಕೇಳ್ತೀನಿ," ಎಂದ ಹೋಬರ್ಟ್. "ಸುಳ್ಳು ಹೇಳಿದ್ರೆ ಇದು ನನ್ನ ಜೊತೆ ಮನೆಗೆ ಬರುತ್ತೆ. ನಿಜ ಹೇಳಿದ್ರೆ, ಮದ್ದು ಅಳೆಯೋದರಿಂದ ಇಲ್ಲೇ ಶುರು ಮಾಡೋಣ. ಇದಕ್ಕೆ ಮುಂಚೆ ಎಷ್ಟು ಕೋವಿ ಹಾರಿಸಿದ್ದೀಯ?"

"ಒಂದು ಇನ್ನೂರು..."

ಹೋಬರ್ಟ್ ಎದ್ದು ನಿಂತ.

"ಹತ್ತು," ಎಂದ ವರ್ಲಿನ್.

ಹೋಬರ್ಟ್ ತನ್ನ ಗಾಡಿಯ ಕಡೆ ಎರಡು ಹೆಜ್ಜೆ ಇಟ್ಟ.

"ಒಂದು ಮಾವ, ಒಂದೇ ಒಂದು. ಅದೂ ನೀರು ಚಿಮ್ಮಿಸೋದು, ಪ್ಲಾಸ್ಟಿಕ್ಕಿಂದು."

ಹೋಬರ್ಟ್ ನಿಂತ, ಆದರೆ ತಿರುಗಲಿಲ್ಲ. ಅವನನ್ನು ತಿರುಗಿಸಲು ಇನ್ನೂ ಏನೋ ಬೇಕಾಗಿತ್ತು. ವರ್ಲಿನ್ ಒಳಗೆ ಹುಡುಕಿದ. ಅಲ್ಲಿ ಮೊದಲ ಬಾರಿಗೆ ಕತೆ ಒಂದೂ ಉಳಿದಿರಲಿಲ್ಲ.

"ಮಾವ," ಎಂದ, ಟೈರಿನಿಂದ ಗಾಳಿ ಇಳಿದ ದನಿಯಲ್ಲಿ, "ಆ ಬೆಂಕಿ ಮುಖದ ಹತ್ರ ಹತ್ಕೊಳ್ಳುತ್ತಲ್ಲ, ನಂಗೆ ಹೆದರಿಕೆ. ಮೂರು ಸಲವೂ ಎರಡೂ ಕಣ್ಣು ಮುಚ್ಕೊಂಡಿದ್ದೆ. ಹಲಗೆ ಯಾವ ಕಡೆ ಇದೆ ಅಂತ ನಂಗೆ ಈಗಲೂ ಸರಿಯಾಗಿ ಗೊತ್ತಿಲ್ಲ."