ಪೂರ್ವಕ್ಕೆ ಬೆನ್ನು ಹಾಕಿದ ಒರೆಸ್ಟ್

ಒರೆಸ್ಟ್ ಡಾನಿಲ್ಚುಕ್ ಎಲ್ಲಿ ಕೂತರೂ ಪೂರ್ವ ದಿಕ್ಕಿಗೆ ಬೆನ್ನು ಹಾಕಿಯೇ ಕೂರುತ್ತಿದ್ದ. ಸಹಕಾರ ಸಂಘದ ಕಾಫಿ ಅಂಗಡಿಯಿರಲಿ, ಚರ್ಚಿನ ನೆಲಮಾಳಿಗೆಯ ಊಟದ ಕೂಟವಿರಲಿ, ಮೊದಲು ಕಿಟಕಿಯ ಬೆಳಕು ನೋಡಿ ದಿಕ್ಕನ್ನು ಅಂದಾಜು ಮಾಡಿ, ಕುರ್ಚಿಯನ್ನು ಕರಕರ ಎಳೆದು ತಿರುಗಿಸಿ, ಆಮೇಲೆಯೇ ತನ್ನ ಭಾರಿ ದೇಹವನ್ನು ಅದರ ಮೇಲೆ ಇಳಿಸುತ್ತಿದ್ದ. ನಮ್ಮ ಬಯಲುಗಳು ಮುಗಿದು, ಬಂಡೆ ಸರೋವರಗಳ ನಾಡೂ ಮುಗಿದ ಮೇಲೆ ಎಲ್ಲೋ ಇರುವ ಒಟ್ಟಾವಾ ನಗರಕ್ಕೆ ಅವನು ತಪ್ಪದೆ ಸಲ್ಲಿಸುತ್ತಿದ್ದ ನಿತ್ಯದ ಅಗೌರವ ಅದು. ಆ ರಾಜಧಾನಿಯ ಹೆಸರನ್ನು ಅವನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. 'ಅಲ್ಲಿ' ಎನ್ನುತ್ತಿದ್ದ, ಹೆಬ್ಬೆರಳನ್ನು ಹೆಗಲ ಮೇಲಿಂದ ಹಿಂದಕ್ಕೆ ತೋರಿಸಿ. ಹೆಸರು ಹಿಡಿದು ಕರೆದರೆ ದೆವ್ವ ಎದ್ದು ಬಂದೀತೆಂಬ ಹಾಗೆ.

ಡಾಂಬರು ರಸ್ತೆಯಲ್ಲಿಯೂ ಉತ್ತ ಹೊಲದಲ್ಲಿ ನಡೆಯುವವನಂತೆ ಹೆಜ್ಜೆ ಎತ್ತೆತ್ತಿ ಇಡುತ್ತಿದ್ದ ಅವನಿಗೆ ಅಪ್ಪನ ಕಾಲದ ಕುರಿಚರ್ಮದ ಕೋಟೊಂದಿತ್ತು. ನಮ್ಮ ಪಶ್ಚಿಮದವರ ನೀಲಿ ಪಕ್ಷದ ಬಿಲ್ಲೆಗಳನ್ನು ಅದಕ್ಕೆ ಚುಚ್ಚಿಕೊಳ್ಳುತ್ತಿದ್ದ. ತನ್ನ ಪಕ್ಷ ಗೆದ್ದ ಚುನಾವಣೆಯ ಬಿಲ್ಲೆಗಳು ಕೋಟಿನ ಒಳಮಗ್ಗುಲಲ್ಲಿ, ಸೋತವು ಹೊರಗೆ ಎದೆಯ ಮೇಲೆ. ಗೆಲುವು ಮನೆಮಂದಿಯ ವಿಷಯ, ಸೋಲು ಮಾತ್ರ ಲೋಕಕ್ಕೆ ಗೊತ್ತಾಗಬೇಕಾದ ಅನ್ಯಾಯ ಎಂಬುದು ಅವನ ಸಿದ್ಧಾಂತ. ಗೋಧಿ ಬೆಳೆಯುವವರು ನಾವು, ಅದರ ಬೆಲೆ ಕಟ್ಟುವವರು ಅವರು. ನೆಲದಡಿಯ ಎಣ್ಣೆ ನಮ್ಮದು, ನಲ್ಲಿಯ ಕಿವಿ ಅವರ ಕೈಯಲ್ಲಿ. ಚಳಿ ನಮಗೆ, ಚಳಿಗೆ ಉರಿಸುವ ಇಂಧನದ ಮೇಲಿನ ತೆರಿಗೆಯ ಆಲೋಚನೆ ಮಾತ್ರ ಅವರಿಗೆ. ಹೀಗೆ ಅವನ ದೂರುಗಳು ನಮ್ಮ ಸಸ್ಕಾಚೆವಾನ್ ಪ್ರಾಂತ್ಯದ ಸರಕು ರೈಲಿನಂತೆ, ಕೊನೆಯ ಡಬ್ಬಿ ಎಂದಿಗೂ ಕಾಣಿಸದೆ, ಮಂದಗತಿಯಲ್ಲಿ ಸಾಗುತ್ತಿದ್ದವು. ಪೂರ್ವದಲ್ಲಿ ಗಡಿಯಾರ ಮುಂದಿರುವುದರಿಂದ, ಹಿಂದೆಲ್ಲ ನಮ್ಮ ಮತಪೆಟ್ಟಿಗೆ ತೆರೆಯುವ ಮೊದಲೇ ರೇಡಿಯೊ ಹೊಸ ಸರ್ಕಾರವನ್ನು ಘೋಷಿಸಿಬಿಡುತ್ತಿದ್ದ ಕಾಲವನ್ನು ಅವನು ಮರೆತಿರಲಿಲ್ಲ. "ನಾವಿನ್ನೂ ಪೆನ್ಸಿಲು ಹುಡುಕ್ತಿದ್ವಿ, ಅಲ್ಲಿ ಅವರು ಉಂಡು ಕೈ ತೊಳ್ಕೊಂಡಾಗಿತ್ತು" ಎನ್ನುತ್ತಿದ್ದ.

ಇಂಥವನು ಮದುವೆಯಾದದ್ದು ಪೂರ್ವದ ಹೆಣ್ಣನ್ನು. ಕ್ವಿಬೆಕ್ಕಿನ ಕಡಲಂಚಿನಿಂದ ನಮ್ಮ ಶಾಲೆಗೆ ಫ್ರೆಂಚ್ ಕಲಿಸಲು ಬಂದ ಸೋಲಾಂಜ್, ಒಂದು ಚಳಿಗಾಲ ಇದ್ದು ಹೋಗುತ್ತೇನೆಂದವಳು, ನೆಟ್ಟಗೆ ಅವನ ತೆನೆಹೊಲದ ನಡುವೆ ನೆಲೆನಿಂತಳು. ಗಾಳಿಗೆ ಗೋಧಿ ತೂಗುವ ಹೊತ್ತಿನಲ್ಲಿ ಜಗಲಿಯ ಮೇಲೆ ಕೂತು ಅರೆಗಣ್ಣು ಮುಚ್ಚಿಕೊಂಡರೆ ತನ್ನ ಕಡಲು ಕಾಣುತ್ತದೆಂದು ಅವಳು ಹೇಳುವಳು. ಪಕ್ಕದಲ್ಲಿ ಒರೆಸ್ಟನೂ ಕಣ್ಣು ಮುಚ್ಚುವನು, ಎಂದೂ ನೋಡದ ಆ ನೀರಿನ ಸದ್ದಿಗೆ ಕಿವಿಗೊಟ್ಟು. ಪಕ್ಕದ ಹೊಲದವನಾದ ನಾನು ಎಷ್ಟೋ ಸಂಜೆ ಆ ಇಬ್ಬರನ್ನೂ ಹಾಗೆ, ಎರಡು ನಿದ್ದೆಗಳ ನಡುವೆ ತೇಲುವ ದೋಣಿಯಲ್ಲಿ ಕುಳಿತವರಂತೆ, ಕಂಡಿದ್ದೇನೆ.

ಕಣ್ಣು ತೆರೆದರೆ ಮಾತ್ರ ಜಗಳ. ಅವಳು ಪೂರ್ವದವರ ಕೆಂಪು ಪಕ್ಷದವಳು, ಅಜ್ಜನ ಕಾಲದಿಂದ. ಬರಗಾಲದ ವರ್ಷಗಳಲ್ಲಿ ಪೂರ್ವದವರು ರೈಲು ತುಂಬ ಕಳಿಸಿದ ಒಣಮೀನನ್ನು ನೆನಪಿಸಿ, "ನಮ್ಮ ಉಪ್ಪು ತಿಂದ ಮನೆ ಇದು, ನೆನಪಿರಲಿ" ಎಂದು ಚುಚ್ಚಿದರೆ ಅವನು, "ತಿಂದವರ್ಯಾರು? ಹಲಗೆ ಅಂದ್ಕೊಂಡು ನಮ್ಮಪ್ಪ ಅದನ್ನ ಚಾವಣಿಗೆ ಹೊಡೆದಿದ್ದ" ಎನ್ನುವನು.

ಮದುವೆಯಾದ ವರ್ಷವೇ ಅವರಿಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರು. ತಮ್ಮ ಎರಡು ಮತಗಳು ಹೇಗೂ ಒಂದನ್ನೊಂದು ಹೊಡೆದುಹಾಕುತ್ತವೆ. ಆದ್ದರಿಂದ ಮತಗಟ್ಟೆಗೆ ಹೋದರೆ ಇಬ್ಬರೂ ಹೋಗಬೇಕು, ಇಲ್ಲದಿದ್ದರೆ ಇಬ್ಬರೂ ಮನೆಯಲ್ಲಿರಬೇಕು. ಅಂದಿನಿಂದ ಪ್ರತಿ ಚುನಾವಣೆಗೂ ಒಂದೇ ಪಿಕಪ್ ಗಾಡಿಯಲ್ಲಿ ಹೋಗಿ, ಬೇರೆ ಬೇರೆ ಗುರುತು ಹಾಕಿ, ದಾರಿಯುದ್ದಕ್ಕೂ ಕಚ್ಚಾಡುತ್ತ ಮರಳುವುದು ಅವರ ದಾಂಪತ್ಯದ ವ್ರತವಾಗಿತ್ತು.

ಅದೊಂದು ಅಕ್ಟೋಬರಿನಲ್ಲಿ, ಮತದಾನಕ್ಕೆ ಇನ್ನು ಕೆಲವೇ ದಿನಗಳಿರುವಾಗ, ಮೆಟ್ಟಿಲ ಮೇಲಿನ ಮಂಜಿಗೆ ಜಾರಿಬಿದ್ದು ಸೋಲಾಂಜ್ ಸೊಂಟದ ಮೂಳೆ ಮುರಿದುಕೊಂಡಳು. ನಗರದ ಆಸ್ಪತ್ರೆಗೆ ಸೇರಿಸಿದರು. ನಮ್ಮ ಕ್ಷೇತ್ರ ಉತ್ತರದ ಕಾಡುಕೆರೆಗಳವರೆಗೂ ಹಬ್ಬಿ, ಆ ಕಡೆಯವರು ಕೆಂಪಿನತ್ತ ವಾಲಿದ್ದರಿಂದ ಆ ಸಲ ಪೈಪೋಟಿ ಬಿಗಿಯಾಗಿತ್ತು. ನೀಲಿ ಪಕ್ಷದ ಕೆಲಸಕ್ಕೆ ಊರಲ್ಲಿ ಹೆಗಲು ಕೊಟ್ಟಿದ್ದ ಮುರ್ಡೊ, ಒರೆಸ್ಟನ ಬಾಲ್ಯಮಿತ್ರ, ಮತದಾನದ ದಿನ ತಾನೇ ಗಾಡಿ ತಂದು ಅವನ ಅಂಗಳದಲ್ಲಿ ನಿಲ್ಲಿಸಿದ. ಒರೆಸ್ಟ್ ಬಾಗಿಲಿಗೆ ಬಂದು, ತಾನು ಬರುವುದಿಲ್ಲ ಎಂದ. ಮುರ್ಡೊ ಮೊದಲು ನಕ್ಕ, ಆಮೇಲೆ ಬೇಡಿದ, ಕೊನೆಗೆ ಬೈದ.

"ಅವಳು ಮಲಗಿರೋವಾಗ ನಾನು ಹೋಗಿ ಹಾಕಿ ಬಂದ್ರೆ ಅದು ಕಳ್ಳತನ ಕಣೋ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡನಂತೆ. ಆ ದಿನವೆಲ್ಲ ಅವನು ಕೊಯ್ದ ಹೊಲದ ಕೂಳೆಯ ನಡುವೆ ಸುಮ್ಮನೆ ಅಲೆಯುತ್ತಿದ್ದುದನ್ನು ನಾನು ದೂರದಿಂದ ನೋಡಿದೆ. ದಕ್ಷಿಣಕ್ಕೆ ಹೊರಟ ಹೆಬ್ಬಾತುಗಳು ಆಕಾಶದಲ್ಲಿ ಸಾಲುಗಟ್ಟಿ ಕೂಗುತ್ತ ಹೋಗುತ್ತಿದ್ದವು. ಅವನು ಹೊತ್ತು ಮುಳುಗುವವರೆಗೂ ತಲೆಯೆತ್ತಿ ಅವನ್ನೇ ನೋಡುತ್ತಿದ್ದ.

ನೀಲಿ ಪಕ್ಷ ನಮ್ಮಲ್ಲಿ ಕೂದಲೆಳೆಯ ಅಂತರದಲ್ಲಿ ಸೋತಿತು. ಮರುದಿನವೇ ಮುರ್ಡೊ ಒರೆಸ್ಟನ ಮೇಜಿನಿಂದ ತನ್ನ ಕಾಫಿ ಲೋಟ ಎತ್ತಿಕೊಂಡು ಬೇರೆ ಮೇಜಿಗೆ ಹೋದ. ಹೆಂಡತಿಯ ಸೆರಗಿಗೆ ಪಕ್ಷವನ್ನು ಕಟ್ಟಿಕೊಟ್ಟವನು ಎಂಬ ಮಾತು ಊರಲ್ಲಿ ಹಬ್ಬಿತು.

ಸೋಲಾಂಜ್ ಮನೆಗೆ ಮರಳಿದ ಸಂಜೆ ನಾನು ಸೂಪಿನ ಪಾತ್ರೆ ಹಿಡಿದು ಹೋಗಿದ್ದೆ. ಒರೆಸ್ಟ್ ಮತಗಟ್ಟೆಗೆ ಹೋಗಲೇ ಇಲ್ಲವೆಂಬ ಸುದ್ದಿ ಕೇಳಿ ಅವಳ ಮುಖ ಬಿಳಿಚಿಕೊಂಡಿತು. ಅವಳೇ ಹೇಳಿದಳು: ಮತಪೆಟ್ಟಿಗೆಯವರು ಆಸ್ಪತ್ರೆಯಲ್ಲಿ ಹಾಸಿಗೆಯ ಬಳಿಗೇ ಬಂದಿದ್ದರು, ಅವಳು ಮತ ಹಾಕಿದ್ದಳು.

ಒರೆಸ್ಟ್ ಗಡಿಯಾರದ ಕಡೆ ನೋಡಿದ, ಒಲೆಯ ಕಡೆ ನೋಡಿದ. "ಒಪ್ಪಂದ?" ಎಂದ.

"ನೀನು ಬೆಳಗಾಗ್ತಿದ್ದ ಹಾಗೇ ಓಡಿಹೋಗಿ ಹಾಕಿರ್ತೀಯ ಅಂದ್ಕೊಂಡೆ."

"ಇಷ್ಟು ವರ್ಷ ಬಾಳಿದ ಮೇಲೂ ಹಾಗಂದ್ಕೊಂಡೆಯಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸೋಲು, ತೆರಿಗೆ, ಗೋಧಿಯ ಬೆಲೆ ಯಾವುದರ ಮಾತಲ್ಲೂ ಕೇಳಿಬರದಿದ್ದ ಒಂದು ಆಯಾಸವಿತ್ತು. ಪೂರ್ವದ ಮೇಲೆ ಅವನಿಗಿದ್ದ ನೂರು ದೂರುಗಳೂ, ನಮ್ಮ ಮಾತನ್ನು ಅವರು ನಂಬುವುದಿಲ್ಲವೆಂಬ ಒಂದೇ ನೋವಿನ ಕವಲುಗಳಾಗಿದ್ದವೆಂದು ನನಗೆ ಹೊಳೆದದ್ದು ಆಗ. ಸೂಪು ತಣ್ಣಗಾಯಿತು. ನಾನು ಎದ್ದು ಬಂದೆ.

ಕೋಲೂರಿ ನಡೆಯುವಷ್ಟು ಚೇತರಿಸಿಕೊಂಡ ಮೊದಲ ದಿನವೇ ಸೋಲಾಂಜ್ ಕಾಫಿ ಅಂಗಡಿಗೆ ಬಂದು, ಎಲ್ಲರೂ ಕೇಳುವಂತೆ ಮುರ್ಡೊನ ಎದುರು ನಿಂತಳು. "ಅವನು ಮಾತಿಗೆ ಕಟ್ಟುಬಿದ್ದ, ನಾನು ಪಕ್ಷಕ್ಕೆ ಕಟ್ಟುಬಿದ್ದು ಮತ ಹಾಕ್ದೆ. ಬಯ್ಯೋದಿದ್ರೆ ನನ್ನ ಬಯ್ಯಿ" ಎಂದಳು. ಮುರ್ಡೊ ತನ್ನ ಲೋಟವನ್ನೆತ್ತಿಕೊಂಡು ಹಳೆಯ ಮೇಜಿಗೆ ಮರಳಿದ.

ಆ ಚುನಾವಣೆಯ ನಂತರ ಬಹುಮತವಿಲ್ಲದೆ ರಚನೆಯಾಗಿದ್ದ ಸರ್ಕಾರ ಬೇಗನೆ ಬಿದ್ದು ಮತ್ತೆ ಚುನಾವಣೆ ಬಂತು. ಇಬ್ಬರೂ ಗಾಡಿಯಲ್ಲಿ ಹೊರಟರು. ಮತಗಟ್ಟೆಯ ಮುಂದೆ ಸೋಲಾಂಜ್ ಇಳಿಯಲಿಲ್ಲ. ಒಂದು ಸಲ ತಾನು ಹೆಚ್ಚಿಗೆ ಹಾಕಿದ್ದೇನೆ, ಈ ಸಲ ಅವನೊಬ್ಬನೇ ಹಾಕಿಬರಲಿ ಎಂದಳು. ಒರೆಸ್ಟ್ ಒಳಗೆ ಹೋದ, ಸರದಿಯಲ್ಲಿ ನನ್ನ ಹಿಂದೆಯೇ ನಿಂತ, ಚಡಪಡಿಸಿದ, ಸರದಿ ಬಿಟ್ಟು ಹೊರಗೆ ನಡೆದ. ಗಾಡಿಯ ಬಾಗಿಲು ತೆಗೆದು ಅವಳ ಕೋಲನ್ನು ಮುಂದೆ ಚಾಚಿದ.

"ಇಳಿ. ಎದುರಾಳಿ ಇಲ್ಲದ ಕುಸ್ತಿ ನಂಗೆ ಬೇಡ."

ಅವಳು ಅವನ ತೋಳು ಹಿಡಿದು, ಕರಗುವ ಹಿಮದ ಮೇಲೆ ನಿಧಾನವಾಗಿ ಕಾಲೂರುತ್ತ ಬಂದಳು. ಆ ಸಂಜೆ ನಮ್ಮಲ್ಲಿ ಅವನ ಪಕ್ಷವೂ, 'ಅಲ್ಲಿ' ಅವಳ ಪಕ್ಷವೂ ಗೆದ್ದವು.

ಪಕ್ಷವನ್ನು ಮೈಯ ಚರ್ಮದಂತೆ ಹೊತ್ತು ತಿರುಗುವ ಇಂಥ ಜನರನ್ನು ಕಂಡು ನಗುವವರು ಬಹಳ. ಆದರೆ ಇಷ್ಟು ವಿಸ್ತಾರವಾದ, ಒಂದು ತುದಿಯಲ್ಲಿ ಕತ್ತಲಾದಾಗ ಇನ್ನೊಂದು ತುದಿಯಲ್ಲಿ ಬಿಸಿಲಿರುವ ದೇಶವನ್ನು ಹಿಡಿದಿಟ್ಟಿರುವವರು, ಯಾರನ್ನೂ ದ್ವೇಷಿಸದ ಸಜ್ಜನರು ಮಾತ್ರವೇ ಎಂದು ನನಗೆ ಅನ್ನಿಸುವುದಿಲ್ಲ. ಜೀವಮಾನವಿಡೀ ಜಗಳವಾಡಿಯೂ, ಎದುರಿನವರು ಬಂದು ತಲುಪುವವರೆಗೆ ಎಣಿಕೆಯನ್ನು ಶುರುಮಾಡಬೇಡಿ ಎನ್ನುವ ಹಟಮಾರಿಗಳೂ ಅದನ್ನು ಹಿಡಿದಿಟ್ಟಿದ್ದಾರೆ.